ಸೊನ್ನೆ ಬಿದ್ದ ಬೂತು

ವಕೀಲರ ಬೆರಳು ಕೀಬೋರ್ಡಿನ ಮೇಲೆ ಟಕಟಕ, ನಿಂತಿತು, ಮತ್ತೆ ಟಕಟಕ, ತಂದೆಯ ಹೆಸರು ಏನಂದ್ರಿ, ಬೊಮ್ಮಯ್ಯ, ಬೊಮ್ಮಯ್ಯನವರ ಮಗ ದಯಾನಂದ, ವಯಸ್ಸು ಐವತ್ತೆರಡು, ಕಸುಬು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು — ಎಲ್ಲ ನಿಜವೇ, ಇಲ್ಲಿಯ ತನಕ ಬರೆದದ್ದೆಲ್ಲ ನಿಜವೇ, ಸುಳ್ಳು ಇನ್ನು ಮುಂದಿನ ಸಾಲಿನಲ್ಲಿ ಬರಬೇಕು, ಎಂದು ದಯಾನಂದ ಬೆಂಚಿನ ತುದಿಗೆ ಸರಿದ, ಮತ್ತೆ ಹಿಂದಕ್ಕೆ ಬಂದ. ಮೂಡಿಗೆರೆಯ ಈ ನೋಟರಿ ಆಫೀಸಿನಲ್ಲಿ ಗಾಳಿಯೇ ಇಲ್ಲವೋ, ತನಗೊಬ್ಬನಿಗೇ ಇಲ್ಲವೋ. ಪಕ್ಕದಲ್ಲಿ ದೇವೀರಮ್ಮ, ಅದೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯವಳು, ಮೂವತ್ತು ವರ್ಷದಿಂದ ಅಲ್ಲೇ ಕಾಫಿ ಕುಯ್ಯುವವಳು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾಳೆ, ಓದಲು ಬಾರದವಳು ಅಷ್ಟು ಹೊತ್ತು ಎಂತ ನೋಡುತ್ತಾಳೋ. ಎದುರಿಗೆ ತುಂಗಾ ಟೀಚರ್, ಯಾವ ಪಕ್ಷವೂ ಬೇಡವೆಂದು ಪಕ್ಷೇತರರಾಗಿ ನಿಂತು ಸೋತವರು, ಮಡಿಲಲ್ಲಿ ಫೈಲು, ಫೈಲಿನ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಹಾಳೆ, ಕೊಟ್ಟಿಗೆಹಾರದ ಹತ್ತಿರ ದಯಾನಂದನೂ ದೇವೀರಮ್ಮನೂ ವೋಟು ಹಾಕಿದ ಬೂತಿನ ಸಾಲಿಗೆ ಕೆಂಪು ಗೆರೆ. ಬಿದ್ದ ವೋಟು ಆರುನೂರ ಹನ್ನೆರಡು, ತುಂಗಾ ಟೀಚರಿಗೆ ಸೊನ್ನೆ. ನನ್ನ ವೋಟು ಕಳಸದಲ್ಲಿ, ಆದ್ರೆ ನನ್ನ ನಾಮಪತ್ರಕ್ಕೆ ಸಹಿ ಹಾಕಿದ ಹತ್ತು ಜನದಲ್ಲಿ ಈ ಬೂತಿನವ್ರು ನೀವಿಬ್ರಿದೀರಿ ರೈಟ್ರೇ, ನೀವಿಬ್ರು ಹಾಕಿದ ಮೇಲೆ ಸೊನ್ನೆ ಹೆಂಗೆ ಬರುತ್ತೆ, ಮಿಷಿನ್ ಸರಿ ಇಲ್ಲ ಅಂತಾಯ್ತಲ್ಲ, ನೀವು ಅಫಿಡವಿಟ್ ಕೊಡಿ, ನಾನು ಕೇಸು ಹಾಕ್ತೀನಿ. ಮೊನ್ನೆ ಮನೆಗೆ ಬಂದು ಟೀಚರ್ ಇಷ್ಟು ಹೇಳಿದಾಗ ಅವನು ಹೂಂ ಅಂದುಬಿಟ್ಟಿದ್ದ. ಆ ಹೂಂ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

ಟೀಚರಿಗೆ ಇಲ್ಲ ಅನ್ನುವುದು ಹೇಗೆ — ಲೈನ್ ಮನೆಯವರನ್ನು ನೀವು ಎಂದು ಮಾತಾಡಿಸಿದ ಅಭ್ಯರ್ಥಿ ಇಷ್ಟು ವರ್ಷದಲ್ಲಿ ಇವರೊಬ್ಬರೇ, ಉಳಿದವರು ಜೀಪಿನಿಂದ ಇಳಿಯದೆ ಕೈ ಮುಗಿದು ಹೋದವರು, ಒಬ್ಬ ಹೋದ ಸಲ ಆ ಪಕ್ಷ, ಈ ಸಲ ಈ ಪಕ್ಷ, ಶಾಲು ಮಾತ್ರ ಬೇರೆ, ಭಾಷಣ ಅದೇ, ಆಸ್ಪತ್ರೆಗೆ ಡಾಕ್ಟರು ಬರ್ತಾರೆ, ರಸ್ತೆ ಆಗುತ್ತೆ, ಅವನ ಅಪ್ಪನಿಗೂ ಇದನ್ನೇ ಹೇಳಿದ್ದರು, ಅಪ್ಪ ಡಾಕ್ಟರನ್ನು ಕಾಣದೆ ಹೋದ. ಲೈನ್ ಮನೆಗಳ ಹಿಂದಿನ ಗುಡ್ಡಕ್ಕೆ ಜೆಸಿಬಿ ಬಂದಾಗ ಅವನೂ ದೇವೀರಮ್ಮನೂ ಎರಡೂ ಪಕ್ಷದ ಆಫೀಸಿನ ಮೆಟ್ಟಿಲು ಹತ್ತಿದ್ದರು, ಹಳ್ಳದ ನೀರು ಕೆಂಪಗಾಗಿದೆ ಸ್ವಾಮಿ, ಅನ್ನಕ್ಕಿಡುವ ನೀರು, ಮಳೆಗೆ ಗುಡ್ಡ ಬಂದರೆ ನಾವು ಮಣ್ಣಿನಡಿಗೆ, ನೋಡೋಣ ನೋಡೋಣ ಎಂದು ಎರಡೂ ಪಕ್ಷದವರು ಚಾ ಕುಡಿಸಿ ಕಳಿಸಿದರು. ನೋಡುವುದಕ್ಕೆ ಎಂತ ಉಂಟು, ಜೆಸಿಬಿ ಇವರ ಭಾವನದ್ದು, ಮೇಲೆ ಏಳುವ ರೆಸಾರ್ಟು ಅವರ ಅಳಿಯನದ್ದು, ಊರಿನವರ ಮುಂದೆ ಹಾವು ಮುಂಗುಸಿ, ಗುಡ್ಡದ ಮುಂದೆ ಬೀಗರು. ಥೂ. ಜೆಸಿಬಿಯ ಮುಂದೆ ಕೊಡೆ ಹಿಡಿದು ನಿಂತದ್ದು ತುಂಗಾ ಟೀಚರ್, ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಿದ್ದೂ ಅವರೇ, ಇವತ್ತಿಗೂ ತಾರೀಖು ತಾರೀಖಿಗೆ ಬಸ್ಸು ಹತ್ತಿ ಹೋಗುವವರು. ಅವರು ಚುನಾವಣೆಗೆ ನಿಲ್ಲುತ್ತಾರೆ ಅಂದಾಗ ದಯಾನಂದನೇ ಮೊದಲು ಸಹಿ ಹಾಕಿದ್ದು, ಸಿಕ್ಕಿದ ಚಿಹ್ನೆ ಹಲಸಿನಹಣ್ಣು ಅಂದಾಗ ಎದೆ ಧಸಕ್ಕೆಂದದ್ದೂ ಅವನಿಗೇ, ಯಾಕೆಂದರೆ ಆನೆ ಬರುತ್ತದೆಂದು ಹಲಸನ್ನು ಮಿಡಿಯಲ್ಲೇ ಕೊಯ್ದು ಹೂಳಿಸುವುದು ರೈಟರನ ಕೆಲಸ, ಮೇಸ್ತ್ರಿ ತಿಮ್ಮಪ್ಪ ನಕ್ಕ, ಇದನ್ನೂ ಮಿಡಿಯಲ್ಲೇ ಕೊಯ್ತಾರೆ ನೋಡಿ ರೈಟ್ರೇ. ಆವತ್ತು ಎಲ್ಲರೂ ನಕ್ಕಿದ್ದರು.

ಕೊಯ್ದವರು ಯಾರು ಹಾಗಾದರೆ. ವೋಟಿನ ದಿನ ಬೆಳಿಗ್ಗೆ ಎಸ್ಟೇಟಿನ ಜೀಪು, ಶಾಲೆಯ ಮುಂದೆ ಸಾಲು, ಹಿಂದೆ ನಿಂತ ತಿಮ್ಮಪ್ಪ ಕಿವಿಯ ಹತ್ತಿರ ಬಗ್ಗಿ, ಟೀಚರ್ ಒಳ್ಳೆಯವ್ರು ಮಾರಾಯ್ರೆ, ಯಾರು ಇಲ್ಲ ಅಂದ್ರು, ಗೆಲ್ಲಲ್ವಲ್ಲ, ವೋಟು ವೇಸ್ಟ್ ಯಾಕೆ, ಆ ಪಕ್ಷದವ್ರು ಬರದ ಹಂಗೆ ಈ ಪಕ್ಷದವ್ರಿಗೆ ಒತ್ತಿ. ಒಳಗೆ ರಟ್ಟಿನ ಮರೆ, ಯಂತ್ರ, ಎರಡನೆಯ ಹೆಸರು ಹಳೆಯ ಪಕ್ಷದ್ದು, ಅಪ್ಪ ಒತ್ತುತ್ತಿದ್ದದ್ದು, ಅವನೂ ಇಷ್ಟು ವರ್ಷ ಒತ್ತಿದ್ದು, ಒಂಬತ್ತನೆಯದು ಹಲಸಿನಹಣ್ಣು. ಬೆರಳು ಒಂಬತ್ತರ ತನಕ ಹೋಗಿತ್ತು, ದೇವರಾಣೆ ಹೋಗಿತ್ತು. ಆಗ ಅನ್ನಿಸಿತು, ಲೈನ್ ಮನೆಯವರೆಲ್ಲ ಟೀಚರಿಗೇ ಹಾಕುತ್ತಾರೆ, ಅರವತ್ತಾದರೂ ಬೀಳುತ್ತದೆ, ದೇವೀರಮ್ಮನಂತೂ ಕಣ್ಣು ಮುಚ್ಚಿ ಹಾಕುತ್ತಾಳೆ, ಅರವತ್ತರಲ್ಲಿ ನನ್ನದೊಂದು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ, ನನ್ನದು ಆ ಕಳ್ಳರನ್ನು ತಡೆಯಲಿಕ್ಕೆ ಇರಲಿ — ಪೀಂ. ಈ ಕಳ್ಳರಿಗೆ ಬಿತ್ತು. ಕತೆಯ ರಾಜನ ಕೊಳಕ್ಕೆ ಎಲ್ಲರೂ ಹಾಲು ಹುಯ್ಯುತ್ತಾರೆಂದು ನೀರು ಹುಯ್ದವನು ತಾನೊಬ್ಬನೇ ಎಂದುಕೊಂಡು ಜೀಪು ಹತ್ತಿದ, ಟೀಚರ್ ಸಿಕ್ಕಿದಾಗ ಆಯ್ತಾ ಅಂದರು, ಆಯ್ತು ಟೀಚರ್ ಅಂದ, ಅದು ಸುಳ್ಳೇನಲ್ಲ, ಆಗಿತ್ತಲ್ಲ. ಯಾರೂ ಹೆದರಿಸಿರಲಿಲ್ಲ, ಯಾರೂ ಒಂದು ರೂಪಾಯಿ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಇವತ್ತು ಹೇಳಿಕೊಳ್ಳಲಿಕ್ಕೆ ಒಂದು ನೆಪವಾದರೂ ಇರುತ್ತಿತ್ತು. ನಾಚಿಕೆಯಾಗುತ್ತದೆ.

ಪ್ರಿಂಟರು ಕರಕರ ಎಂದು ಹಾಳೆ ಉಗುಳಿತು, ದೇವೀರಮ್ಮನದು ಮೊದಲು, ವಕೀಲರು ಇಂಕಿನ ಪ್ಯಾಡು ತೆರೆದು ಹೆಬ್ಬೆಟ್ಟು ಒತ್ತಮ್ಮ ಅಂದರು, ಸೆರಗಿನಿಂದ ಕೈ ಹೊರಗೆ ಬಂತು, ಹೆಬ್ಬೆಟ್ಟು ಪ್ಯಾಡಿನ ಮೇಲೆ ಕೂತಿತು, ಎದ್ದಿತು, ನೇರಳೆ ಬಣ್ಣ, ಸ್ವಲ್ಪ ತಡೀರಿ ಒಮ್ಮೆ ಓದಿ ಹೇಳ್ತೀನಿ ಅಂದರು ವಕೀಲರು, ಹಲಸಿನಹಣ್ಣಿನ ಚಿಹ್ನೆಗೇ ಮತ ಹಾಕಿರುತ್ತೇನೆಂದು ಪ್ರಮಾಣ ಮಾಡುತ್ತೇನೆ, ಸುಳ್ಳೆಂದು ಕಂಡುಬಂದಲ್ಲಿ ಶಿಕ್ಷೆಗೆ ಒಳಪಡುತ್ತೇನೆ. ಪಾಪ, ಇವಳೊಬ್ಬಳು ನಿಜ ಹೇಳುವವಳು, ಇವಳ ವೋಟನ್ನು ಮಿಷಿನ್ನೇ ನುಂಗಿತೋ ಏನೋ, ತನ್ನ ಸುಳ್ಳು ಇವಳ ನಿಜದ ಜೊತೆ ಸೇರಿ ಕೋರ್ಟಿಗೆ ಹೋದರೆ ಅಲ್ಲಿ ಇವಳದೂ ಸುಳ್ಳಾಗುತ್ತದೆ, ಟೀಚರ್ ಗುಡ್ಡದ ಕೇಸು ಬಿಟ್ಟು ಮಿಷಿನ್ನಿನ ಕೇಸು ಹಿಡಿದು ಅಲೆಯುತ್ತಾರೆ, ಅಷ್ಟರಲ್ಲಿ ಜೆಸಿಬಿ ಮತ್ತೆ ಗುಡ್ಡ ಹತ್ತುತ್ತದೆ, ನಾಲ್ಕು ತಿಂಗಳಲ್ಲಿ ಮಳೆ, ತಾನು ಇಲ್ಲಿ ಮುಖ ಉಳಿಸಿಕೊಂಡು ಕೂತಿರಬೇಕು, ಸಾಕು, ಸಾಕು — ಟೀಚರ್, ನಾನು ನಿಮ್ಗೆ ಹಾಕ್ಲಿಲ್ಲ. ಹೇಳಿದ್ದು ತಾನೇನಾ. ವಕೀಲರು ಕನ್ನಡಕ ಮೇಲೆ ಮಾಡಿದರು. ಟೀಚರ್ ಅವನನ್ನು ನೋಡಿದರು, ಬೈಯುತ್ತಾರೆ ಅಂದುಕೊಂಡ, ಬೈದರೆ ಎಷ್ಟೋ ಒಳ್ಳೆಯದಿತ್ತು, ಅವರು ಆ ಕೆಂಪು ಗೆರೆಯ ಮೇಲೆ ಕೈಯಿಟ್ಟರು, ಆಮೇಲೆ ಅದೇ ಮೆಲ್ಲಗಿನ ದನಿ, ಹೋಗ್ಲಿ ಬಿಡಿ ರೈಟ್ರೇ, ಹೇಳಿದ್ರಲ್ಲ, ದೇವೀರಮ್ಮ, ನೀವು ಹಾಕಿದೀರಲ್ಲ, ನಿಮ್ದೊಂದೇ ಸಾಕು, ಒತ್ತಿ.

ದೇವೀರಮ್ಮ ಒತ್ತಲಿಲ್ಲ. ವಕೀಲರು ಹಾಳೆಯನ್ನು ಅವಳ ಹತ್ತಿರಕ್ಕೆ ತಳ್ಳಿದರು, ಇಲ್ಲಿ ಅಮ್ಮ, ಇಲ್ಲಿ, ಅವಳು ಹಾಳೆಯನ್ನು ನೋಡಲಿಲ್ಲ, ಟೀಚರನ್ನು ನೋಡಲಿಲ್ಲ, ದಯಾನಂದನ ಕಡೆ ತಿರುಗಿದಳು, ಬೂತಿನಲ್ಲಿ ಅವನು ಇವಳನ್ನು ನಂಬಿದ್ದನಲ್ಲ, ಇವಳು ಯಾರನ್ನು ನಂಬಿದ್ದಳು, ಕೇಳಬೇಕಾಗಿಲ್ಲ, ಅವನನ್ನೇ, ರೈಟ್ರು ಹಾಕ್ತಾರಲ್ಲ ಅಂತ, ಅವನು ಬೇರೆ ಕಡೆ ನೋಡಬೇಕೆಂದುಕೊಂಡ, ಆಗಲಿಲ್ಲ, ಹಾಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಆ ಹೆಬ್ಬೆಟ್ಟು, ಒದ್ದೆ, ನೇರಳೆ, ಕೆಳಗೆ ಬರುವುದೂ ಇಲ್ಲ, ಹಿಂದಕ್ಕೆ ಹೋಗುವುದೂ ಇಲ್ಲ, ಆ ಹೆಬ್ಬೆಟ್ಟು