ಸಿಂಚುವಿನ ಎಡಗೈಯಲ್ಲಿ ನಾನು

ನಾನು ಒಂದು ಕತ್ತರಿ. ಎರಡು ಉಕ್ಕಿನ ಅಲಗುಗಳನ್ನು ಮೊಳೆ ಹೊಡೆದು ಜೋಡಿಸಿ, ಕೆಂಪು ಪ್ಲಾಸ್ಟಿಕ್ ಹಿಡಿ ತೊಡಿಸಿ, ಮಕ್ಕಳಿಗೆ ಚುಚ್ಚದಿರಲೆಂದು ನನ್ನ ತುದಿಯನ್ನು ದುಂಡಗೆ ಮಾಡಿದರು. ಸಾಣೆ ಹಿಡಿದವನು ಒಂದು ಕಾಗದದ ಮೇಲೆ ನನ್ನನ್ನು ಸರ್ರನೆ ಓಡಿಸಿ, ತಲೆದೂಗಿ, ಪೆಟ್ಟಿಗೆಗೆ ಹಾಕಿದ. ಅಂದಿನಿಂದ ನನಗೆ ಸ್ವಲ್ಪ ಜಂಬ.

ಗದಗಿನ ಒಂದು ಅಂಗಡಿಯಲ್ಲಿ ತೂಗುತ್ತಿದ್ದ ನನ್ನನ್ನು ಜಯಶ್ರೀ ಕೊಂಡಳು. ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಮೂರು ವರ್ಷದ ಮಗಳು ಸಿಂಚು ಸುಮ್ಮನೆ ಕೂರಲಿ ಎಂದು ಬಣ್ಣದ ಕಾಗದದ ಜೊತೆ ನಾನೂ ಮನೆ ಸೇರಿದೆ. ತಮ್ಮ ಹುಟ್ಟಿದ. ಅವನನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಜಯಶ್ರೀ ಮಗಳಿಗೆ ಕಾಗದದ ಸರ ಮಾಡುವುದನ್ನು ಹೇಳಿಕೊಟ್ಟಳು. ಪಟ್ಟಿ ಕತ್ತರಿಸಬೇಕು, ಬಳೆಯ ಹಾಗೆ ಸುತ್ತಿ ಅಂಟಿಸಬೇಕು, ಅದರೊಳಗೆ ಇನ್ನೊಂದು ಬಳೆ ಪೋಣಿಸಬೇಕು. ತೊಟ್ಟಿಲಿಗೆ ತನ್ನದೇ ಸರ ಎಂದು ಸಿಂಚು ಮನೆಗೆಲ್ಲ ಸಾರಿಬಿಟ್ಟಳು.

ಅವಳು ನನ್ನನ್ನು ಎತ್ತಿಕೊಂಡದ್ದು ಎಡಗೈಯಲ್ಲಿ. ನಾನೋ ಕಾಗದವನ್ನು ಕತ್ತರಿಸುವ ಬದಲು ಮಡಚಿ ಬಾಯಲ್ಲಿಟ್ಟುಕೊಂಡೆ. ಮತ್ತೆ ಒತ್ತಿದಳು, ಮತ್ತೆ ಮಡಚಿದೆ. ಅವಳು ನನ್ನನ್ನೇ ದಿಟ್ಟಿಸಿದಳು. ನನಗೆ ನಾಚಿಕೆಯಾಯಿತು.

"ನೋಡಿದ್ಯಾ? ಎಡಗೈಗೆ ಯಾವ ವಿದ್ಯಾನೂ ಒಲಿಯೂದಿಲ್ಲ. ಅದೂ ತೊಟ್ಟಿಲಿಗೆ ಕಟ್ಟೂದು!" ಎಂದಳು ಜಯಶ್ರೀಯ ತಾಯಿ ನೀಲವ್ವ. ನನ್ನನ್ನು ಕಿತ್ತು ಮೊಮ್ಮಗಳ ಬಲಗೈಗೆ ಕೊಟ್ಟಳು. ಸಿಂಚು ಎಸೆದಳು. ನೀಲವ್ವ ಹಳೆಯ ಸೀರೆಯ ಅಂಚು ತಂದು ಆ ಪುಟ್ಟ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದಳು. ಕೆಟ್ಟ ಹೆಂಗಸಲ್ಲ ಅವಳು. ನಾಳೆ ನಾಲ್ಕು ಜನ ಆಡಿಕೊಳ್ಳಬಾರದು ಎಂಬ ಹೆದರಿಕೆ ಅಷ್ಟೇ.

ಸಿಂಚು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅಳಲಿಲ್ಲ, ಉಣ್ಣಲಿಲ್ಲ. ಕಾಗದದ ಮುಂದೆ ಗಟ್ಟಿಯಾಗಿ ಕೂತು, ಕಟ್ಟಿದ ಕೈಯನ್ನು ನೋಡುತ್ತಾ, "ಆ ಕೈ ಬ್ಯಾಡ. ಈ ಕೈಲೇ ಮಾಡ್ತೀನಿ" ಎಂದಳು.

ಬಾಣಂತಿ ಕೋಣೆಯಿಂದ ಜಯಶ್ರೀ ಎದ್ದು ಬಂದಳು. ಆ ಕಟ್ಟನ್ನು ನೋಡಿದವಳೇ ತನ್ನ ಎಡ ಮಣಿಕಟ್ಟನ್ನು ಸವರಿಕೊಂಡಳು. ನನ್ನನ್ನು ನೆಲದಿಂದ ಎತ್ತಿ, ಎಡಗೈಗೆ ಹಾಕಿ, ಕಾಗದಕ್ಕೆ ಒತ್ತಿದಳು. ಅವಳ ಕೈಯಲ್ಲೂ ನಾನು ಕಾಗದ ಮಡಚಿದೆ.

"ಯವ್ವಾ, ನೋಡಬೇ. ತಪ್ಪು ಕೈದಲ್ಲ, ಕತ್ತರೀದು. ಇದನ್ನ ಬಲಗೈಗೆ ಅಂತಾನ ಮಾಡ್ಯಾರ."

"ಕುಣೀಲಾರದಾಕಿ ನೆಲ ಡೊಂಕು ಅಂದಳಂತ!"

ಆದರೆ ಈ ಸಲ ನೆಲವೇ ಡೊಂಕಾಗಿತ್ತು, ಆ ನೆಲ ನಾನೇ. ನನ್ನ ಅಲಗುಗಳು ಬಲಗೈಯ ಒತ್ತಡಕ್ಕೆ ಕೂಡುತ್ತವೆ, ಎಡಗೈಯ ಒತ್ತಡಕ್ಕೆ ಅಗಲುತ್ತವೆ. ಮಾತು ಬರುತ್ತಿದ್ದರೆ ಕೂಗಿ ಹೇಳುತ್ತಿದ್ದೆ.

"ನನ್ನ ಕೈ ಕಟ್ಟಿದಿ, ನಾ ಸುಮ್ನಿದ್ದೆ" ಎಂದಳು ಜಯಶ್ರೀ. "ನನ್ನ ಮಗಳ ಕೈ ಕಟ್ಟಬ್ಯಾಡ."

ಗಂಟು ಬಿಚ್ಚಿದಳು. ಮಗಳ ಬೆರಳ ಮೇಲೆ ತನ್ನ ಬೆರಳಿಟ್ಟು, "ಹೆಬ್ಬೆರಳ ಒಳಗ ಎಳಕೋ ಪುಟ್ಟಿ, ಇನ್ನಷ್ಟು" ಎಂದಳು. ಸಿಂಚು ನಾಲಿಗೆ ಕಚ್ಚಿ ಎಳೆದಳು. ನಾನೂ ಇದ್ದಬದ್ದ ಶಕ್ತಿ ಹಾಕಿ ಅಲಗಿಗೆ ಅಲಗು ಒತ್ತಿದೆ. ಕಾಗದ ಚರಕ್ಕೆಂದಿತು! ಪಟ್ಟಿ ಹಾವಿನಂತೆ ಸೊಟ್ಟಗಿತ್ತು. ಅವಳು ಅದನ್ನು ಎತ್ತಿ ಹಿಡಿದು ನಕ್ಕಳು.

ನೀಲವ್ವ ಸರಕ್ಕನೆ ತಿರುಗಿ ಅಡುಗೆಮನೆಗೆ ಹೋದಳು. ಸಿಟ್ಟಾದಳು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬಟ್ಟಲಲ್ಲಿ ಬಿಸಿ ಮೈದಾ ಅಂಟು ಕಾಯಿಸಿಕೊಂಡು ಬಂದು, "ಆರಿದ ಮ್ಯಾಲ ಮುಟ್ಟು" ಎಂದು ಮೊಮ್ಮಗಳ ಎಡಗೈಯ ಹತ್ತಿರ ಇಟ್ಟಳು. ಮರುದಿನ ಸೊಟ್ಟ ಬಳೆಗಳ ಸರ ತೊಟ್ಟಿಲಿಗೇರಿತು.

ಸಿಂಚುವಿಗೆ ಈಗ ಎಡಗೈಯವರಿಗೆಂದೇ ಮಾಡಿದ ಕತ್ತರಿ ಇದೆಯಂತೆ. ನಾನು ಇಲ್ಲೇ ಉಳಿದೆ. ಹಿಡಿ ಬಿರುಕು ಬಿಟ್ಟಿದೆ, ಅಲಗು ತುಕ್ಕು ಹಿಡಿದಿದೆ. ನೀಲವ್ವನ ಬಲಗೈಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತೇನೆ. ಆ ಕೆಲಸ ಸಲೀಸು, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಯಾರಾದರೂ ಕೇಳಿದರೆ ನಾನು ಹೇಳಿಕೊಳ್ಳುವುದು ಆ ಸೊಟ್ಟ ಪಟ್ಟಿಯನ್ನೇ.

ಜಯಶ್ರೀ ತವರಿಗೆ ಬಂದಾಗ ಮಾತ್ರ ನನ್ನನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಹಾಲು ಕಟ್ಟೆಯ ಮೇಲೆಲ್ಲ ಚೆಲ್ಲುತ್ತದೆ. ನೀಲವ್ವ ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಒರೆಸುವ ಬಟ್ಟೆ ತಂದು ಕೊಡುತ್ತಾಳೆ.