ಬಯಕೆಯ ದ್ರಾಕ್ಷಿ

ದ್ರಾಕ್ಷಿ ಮಾಗುವ ಕಾಲದಲ್ಲಿ ನಮ್ಮೂರಿನವರ ಕಣ್ಣೆಲ್ಲ ಪಾದ್ರಿಗಳ ಮಠದ ಗಂಟೆಯ ಮೇಲೆ. ಅದು ಬಾರಿಸುವ ಮೊದಲು ಯಾರೂ ಒಂದು ಗೊಂಚಲನ್ನೂ ಕೀಳುವಂತಿರಲಿಲ್ಲ. ಗುಡ್ಡವೆಲ್ಲ ಮಠದ್ದು, ಬಳ್ಳಿ ನೆಟ್ಟು ಬೆವರು ಸುರಿಸಿದ್ದಷ್ಟೇ ನಮ್ಮದು. ವರ್ಷಕ್ಕೊಂದು ಪೀಪಾಯಿ ದ್ರಾಕ್ಷಾರಸ ಒಪ್ಪಿಸದಿದ್ದರೆ ತೋಟವೇ ಕೈಬಿಟ್ಟು ಹೋಗುತ್ತಿತ್ತು.

ಆ ವರ್ಷ ನಮ್ಮ ತೋಟ ಊರಿಗಿಂತ ಮೊದಲೇ ಮಾಗಿತ್ತು. ಒಂದು ಬೆಳಿಗ್ಗೆ ಪಡುವಣದಲ್ಲಿ ಮೋಡ ಕಟ್ಟಿತು. ಸಂಜೆಗೆ ಆಲಿಕಲ್ಲು ಬೀಳುತ್ತದೆಂದು ಓಡಾ ಎಂಬ ಹೆಸರಿನ ನನ್ನ ಅತ್ತೆ ಹೇಳಿದರು. ಗಂಡ ಪೀಪಾಯಿಯ ಮರ ತರಲು ಹೊಳೆಯಾಚೆ ಹೋಗಿದ್ದ. ಗಂಟೆ ಮಾತ್ರ ತುಟಿಪಿಟಿಕ್ಕೆನ್ನಲಿಲ್ಲ.

ನಮ್ಮಲ್ಲಿ ಒಂದು ವಿನಾಯಿತಿ ಇತ್ತು. ಬಸುರಿಗೆ ದ್ರಾಕ್ಷಿಯ ಬಯಕೆಯಾದರೆ ಗಂಟೆಗೆ ಕಾಯಬೇಕಿಲ್ಲ, ಮಡಿಲು ತುಂಬ ಕೀಳಬಹುದು. ಎಷ್ಟು ಸಲ ಎಂದು ಯಾರೂ ಗೊತ್ತುಮಾಡಿರಲಿಲ್ಲ. ಅತ್ತೆ ನನ್ನ ಕೈಹಿಡಿದು ತೋಟಕ್ಕೆ ನಡೆಸಿದರು. ಮದುವೆಯಾಗಿ ಬಹಳ ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಮಠದ ಕಾವಲುಗಾರ, ಮುದುಕ ರೆನಿಯೆ, ಕೋಲು ಹಿಡಿದು ಅಡ್ಡ ನಿಂತ.

"ಇವಳಿಗೆ ಬಯಕೆ ಕಣೋ ರೆನಿಯೆ, ದಾರಿ ಬಿಡು," ಎಂದರು ಅತ್ತೆ, ನನ್ನ ಮುಖ ನೋಡದೆ.

ಆ ದಿನ ನನಗೆ ಬಂದಷ್ಟು ಬಯಕೆ ಯಾವ ಬಸುರಿಗೂ ಬಂದಿರಲಾರದು. ಮಡಿಲು ತುಂಬಿಕೊಂಡು ಮನೆಗೆ ಓಡಿ, ತೊಟ್ಟಿಗೆ ಸುರಿದು ಮತ್ತೆ ಬರುತ್ತಿದ್ದೆ. ಈ ಸ್ಥಿತಿಯಲ್ಲಿ ಓಡುವುದೇ ಎಂದು ರೆನಿಯೆ ಗದರಿ, ನನ್ನನ್ನು ಕಲ್ಲಿನ ಮೇಲೆ ಕೂರಿಸಿ ತಾನೇ ಕಿತ್ತು ಮಡಿಲಿಗೆ ಹಾಕತೊಡಗಿದ. ಅತ್ತೆ ಹೊತ್ತು ಸಾಗಿಸಿದರು. ಮುದುಕ ಎಂಥ ಬೇಸ್ತುಬಿದ್ದ ಎಂದು ನನಗೆ ಒಳಗೊಳಗೇ ನಗು. ಆದರೂ ಆ ಜೋಪಾನ ಹಿತವಾಗಿತ್ತು, ಇಲ್ಲವೆನ್ನಲಾರೆ.

ಸಂಜೆ ಆಲಿಕಲ್ಲು ಸುರಿಯಿತು. ಕಾಯಿ ಇನ್ನೂ ಗಟ್ಟಿಯಿದ್ದ ತೋಟಗಳಲ್ಲಿ ಅಷ್ಟಿಷ್ಟು ಉಳಿಯಿತು. ನಮ್ಮ ಬಳ್ಳಿಯಲ್ಲಿ ಒಂದು ಹಣ್ಣೂ ನಿಲ್ಲಲಿಲ್ಲ. ಆದರೆ ಮಠದ ಪೀಪಾಯಿ ತುಂಬಿತು, ತೋಟ ಉಳಿಯಿತು. ಮಠದ ಗಂಟೆ ಬಾರಿಸಿದಾಗ ಅತ್ತೆ ತಲೆ ಎತ್ತಿಯೂ ನೋಡಲಿಲ್ಲ.

ಚಳಿ ಕಳೆದು ಬಳ್ಳಿ ಸವರುವ ಹೊತ್ತಿಗೆ ರೆನಿಯೆ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಮುದಿ ಬಳ್ಳಿಯ ಕಾಂಡದಿಂದ ಕೆತ್ತಿದ ಗಿಲಕಿ. ನನ್ನ ಹೊಟ್ಟೆ ನೋಡಿದ, ತೊಟ್ಟಿಲಿಲ್ಲದ ಮನೆ ನೋಡಿದ. ಕೇಳುವವರಿಗೆ ಹೇಳಲೆಂದು ಅತ್ತೆ ಒಂದು ಕತೆ ಕಟ್ಟಿಟ್ಟಿದ್ದರು. ಅದನ್ನು ಹೇಳದೆ ಅವರು ಒಲೆಯ ಕಡೆ ತಿರುಗಿದರು.

"ಉಳೀಲಿಲ್ವಾ ತಾಯಿ?" ಎಂದ ರೆನಿಯೆ. ಆಮೇಲೆ, "ಇರ್ಲಿ, ಇಟ್ಕೊ. ಮುಂದಕ್ಕೆ ಬೇಕಾಗ್ತದೆ," ಎಂದು ಗಿಲಕಿಯನ್ನು ನನ್ನ ಕೈಗಿಟ್ಟು ಹೊರಟುಹೋದ.

ಅತ್ತೆ ನನ್ನ ಪಕ್ಕ ಬಂದು ಕೂತರು. ಇಲ್ಲದೇ ಇದ್ದ ಮಗುವಿಗಾಗಿ ನಾವಿಬ್ಬರೂ ಮೊದಲ ಸಲ ಜೊತೆಯಾಗಿ ಅತ್ತೆವು. ನಾನು ಬಿಕ್ಕಿದಾಗಲೆಲ್ಲ ಮಡಿಲಲ್ಲಿದ್ದ ಗಿಲಕಿ ಮೆಲ್ಲಗೆ ಸದ್ದು ಮಾಡುತ್ತಿತ್ತು.