ಪಲೇಪಾ ಟೀಚರ್ ಮತ್ತು ಕೂಗದ ಸೈರನ್

‘ಬಂದರೆ’, ‘ಹೋದರೆ’, ‘ಕೊಟ್ಟರೆ’ ಎಂಬಂಥ ಮಾತೊಂದು ಕಿವಿಗೆ ಬಿದ್ದರೆ ಸಾಕು, ಪಲೇಪಾ ಟೀಚರ್ ನಡೆಯುತ್ತಿದ್ದವರು ನಡುದಾರಿಯಲ್ಲೇ ನಿಂತು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಆ ಮಾತು ಪೂರ್ತಿಯಾಗುವವರೆಗೆ ಕಾಯುತ್ತಿದ್ದರು. ನಮ್ಮ ಸವಾಯಿ ದ್ವೀಪದ ಹೆಂಗಸರೆಲ್ಲ ಕೆಂಪು ದಾಸವಾಳ ಮುಡಿಯುವ ಕಿವಿಯ ಹಿಂದೆ ಅವರು ಸೀಮೆಸುಣ್ಣದ ತುಂಡೊಂದನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ಕರಿಗೂದಲಿನ ಆ ಭಾಗವಷ್ಟೇ ನರೆತಂತೆ ಕಾಣುತ್ತಿತ್ತು.

ಕಡಲ ದಂಡೆಯ ನಮ್ಮ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಅವರ ಪಾಠದ ಪ್ರಕಾರ, ‘ಹೀಗಾದರೆ ಹಾಗೆ’ ಎಂಬ ಷರತ್ತಿನ ವಾಕ್ಯವೊಂದು ಸುಳ್ಳಾಗುವುದು ಒಂದೇ ಸಂದರ್ಭದಲ್ಲಿ: ಷರತ್ತು ನೆರವೇರಿಯೂ ಫಲ ಬಾರದಿದ್ದಾಗ. ಉಳಿದ ಮೂರೂ ಸಂದರ್ಭಗಳಲ್ಲಿ ಅದು ಸತ್ಯವೇ. ಇದು ನಮಗೆ ಶುದ್ಧ ಅನ್ಯಾಯವಾಗಿ ತೋರುತ್ತಿತ್ತು.

“ಕೋಳಿಗೆ ಹಲ್ಲಿದ್ರೆ ನಾನು ರಾಣಿ ಅಂದ್ರೆ ಅದೂ ಸತ್ಯಾನಾ ಟೀಚರ್?” ಎಂದು ನಾನೊಮ್ಮೆ ಕೆಣಕಿದ್ದೆ.

“ಹಲ್ಲಿರೋ ಕೋಳಿ ಹಿಡ್ಕೊಂಡು ಬಾ. ಆಮೇಲೆ ನೀನು ಸುಳ್ಳಿ ಅಂತ ಊರಿಗೆಲ್ಲ ನಾನೇ ಸಾರ್ತೀನಿ,” ಎಂದರು.

ಇನ್ನೊಮ್ಮೆ, ಶನಿವಾರ ಮಳೆ ಬಂದರೆ ಕ್ರಿಕೆಟ್ ಇಲ್ಲವೆಂದು ಪಾದ್ರಿಗಳು ಹೇಳಿದ್ದರು. ಬಿಸಿಲು ಕಾಯಿತು, ಆದರೂ ಆಟ ನಡೆಯಲಿಲ್ಲ. ಪಾದ್ರಿಗಳು ಮಾತಿಗೆ ತಪ್ಪಿದರೆಂದು ನಾವು ಹುಡುಗಿಯರು ಟೀಚರ್ ಬಳಿ ದೂರು ಒಯ್ದೆವು. “ಮಳೆ ಬರದಿದ್ರೆ ಆಟ ಇದೆ ಅಂತ ಅವರು ಹೇಳಿದ್ರಾ? ನೀವೇ ಸೇರಿಸ್ಕೊಂಡಿದ್ದು,” ಎಂದು ಅವರು ನಮ್ಮನ್ನೇ ಗದರಿಸಿ ಕಳಿಸಿದರು. ಆ ದಿನ ನಾವು ಅವರನ್ನು ಮನಸಾರೆ ದ್ವೇಷಿಸಿದೆವು.

ಮರುವರ್ಷದ ಒಂದು ಬೆಳಿಗ್ಗೆ, ಹಾಜರಿ ಕೂಗಿ ಮುಗಿಯುವಷ್ಟರಲ್ಲಿ ನೆಲ ಅಲುಗಿತು. ಅಲುಗಾಟ ಬಹಳ ಹೊತ್ತು ನಿಲ್ಲಲೇ ಇಲ್ಲ. ನಿಂತ ಮೇಲೆ ಎಲ್ಲರೂ ಅಂಗಳದಲ್ಲಿ ನೆರೆದು ಚರ್ಚಿನ ಪಕ್ಕದಲ್ಲಿದ್ದ, ಸುನಾಮಿಯ ಎಚ್ಚರಿಕೆ ಕೊಡುವ ಸೈರನ್ ಕಂಬದತ್ತ ನೋಡತೊಡಗಿದೆವು. ‘ಸೈರನ್ ಕೂಗಿದರೆ ಎಲ್ಲರೂ ಗುಡ್ಡ ಹತ್ತತಕ್ಕದ್ದು’ ಎಂಬ ಫಲಕವನ್ನು ನಮ್ಮ ಮುಖ್ಯೋಪಾಧ್ಯಾಯರಾದ ಎಸೆಕೀಲು ಅವರೇ ಬರೆಸಿ ಗೋಡೆಗೆ ಹಾಕಿಸಿದ್ದರು. ಸೈರನ್ ಮಾತ್ರ ಕೂಗಲಿಲ್ಲ.

“ಕೂಗಿಲ್ಲ ಅಂದ್ಮೇಲೆ ಅಪಾಯ ಇಲ್ಲ. ಮಕ್ಕಳನ್ನ ಒಳಗೆ ಕೂರಿಸಮ್ಮ, ಪಲೇಪಾ,” ಎಂದರು ಅವರು.

“ಕೂಗಿದ್ರೆ ಹತ್ತಿ ಅಂತಿದೆ ಸರ್. ಕೂಗದಿದ್ರೆ ಕೂತಿರಿ ಅಂತ ಎಲ್ಲಿದೆ?”

“ಇದೇನು ನಿನ್ನ ಕ್ಲಾಸಾ? ಏನೂ ಬರದಿದ್ರೆ ಊರೆಲ್ಲ ನಗತ್ತೆ. ಆಮೇಲೆ ನಿನ್ನ ಕೆಲಸಕ್ಕೆ ನಾನು ಹೊಣೆಯಲ್ಲ.”

“ನಗಲಿ ಸರ್. ಆ ನಗುವನ್ನ ಗುಡ್ಡದ ಮೇಲೆ ಕೂತು ಕೇಳ್ತೀನಿ.”

ಎಂದೂ ಅವಸರ ಮಾಡದ ಆ ಹೆಂಗಸು ಉಡುಪಿನ ಅಂಚನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಪುಟ್ಟ ಮಗುವೊಂದನ್ನು ಕಂಕುಳಿಗೇರಿಸಿಕೊಂಡು ನಡೆದೇಬಿಟ್ಟರು. ನಾವು ಹಿಂದೆ ಓಡಿದೆವು. ಅರ್ಧ ಗುಡ್ಡದಲ್ಲಿ ತಿರುಗಿ ನೋಡಿದರೆ, ಉಳಿದ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಎಸೆಕೀಲು ಸರ್ ಏದುಸಿರು ಬಿಡುತ್ತ ಬರುತ್ತಿದ್ದರು. ಅವರ ಬೆನ್ನ ಹಿಂದೆ ಕಡಲು ಹವಳದ ದಿಬ್ಬಗಳನ್ನು ಬತ್ತಲೆ ಮಾಡಿ ದೂರ ಸರಿದಿತ್ತು. ಬಳಿಕ ಅದು ಮರಳಿ ಬಂದು, ನಮ್ಮ ಬೆಂಚುಗಳನ್ನೂ ಕರಿಹಲಗೆಯನ್ನೂ ಕೊಚ್ಚಿಕೊಂಡು ಹೋಯಿತು. ಭೂಕಂಪಕ್ಕೆ ಸೈರನ್ನಿನ ತಂತಿ ಕಡಿದುಹೋಗಿದ್ದದ್ದು ಆಮೇಲೆ ತಿಳಿಯಿತು.

ಗುಡ್ಡದ ಮೇಲೆ ತಲುಪಿದಾಗ ಅವರು ಮಗುವನ್ನು ಕಂಕುಳಿನಿಂದ ಇಳಿಸಿದರು. ನಾನು ಹತ್ತಿರ ಹೋಗಿ, “ಅಲೆ ಬರತ್ತೆ ಅಂತ ನಿಮಗೆ ಗೊತ್ತಿತ್ತಾ ಟೀಚರ್?” ಎಂದೆ.

“ಇಲ್ಲ ಕಣೇ. ಬರೋದಿಲ್ಲ ಅಂತಲೂ ಗೊತ್ತಿರಲಿಲ್ಲವಲ್ಲ.”

ಎಸೆಕೀಲು ಸರ್ ತಮ್ಮ ಅಂಗಿ ಕಳಚಿ, ಒದ್ದೆ ಹುಲ್ಲಿನ ಮೇಲೆ ಟೀಚರಿಗೆ ಕೂರಲು ಹಾಸಿಕೊಟ್ಟರು.

ಟೀಚರ್ ತೀರಿಕೊಂಡು ಈಗ ಮೂರು ವರ್ಷ. ಇಂಥವರನ್ನು ಜನ ತಕರಾರಿನವರೆಂದು ದೂರವಿಡುತ್ತಾರೆ, ಅವರ ಜೊತೆ ಹರಟೆಯೂ ಸಲೀಸಲ್ಲ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಕೇಳಿಸಿಕೊಂಡು, ಹೇಳದೆ ಉಳಿದದ್ದರ ಹೊಣೆಯನ್ನು ತಾವೇ ಹೊತ್ತು ನಡೆಯುವ ಈ ವಿರಳ ಜೀವಿಗಳು ಊರಿಗೊಬ್ಬರಾದರೂ ಇರುವುದರಿಂದಲೇ, ನಾವು ಉಳಿದವರು ಇಷ್ಟು ನಿಶ್ಚಿಂತೆಯಿಂದ ಅರೆಬರೆ ಕೇಳಿಸಿಕೊಂಡು ಬದುಕುತ್ತಿದ್ದೇವೆ.